ಸಂಕ್ರಾಂತಿಗೆ ಮನೆಯಲ್ಲಿ ಏನು ಮಾಡೋಣ: ಎಳ್ಳು ಬೆಲ್ಲವೋ, ಸಕ್ಕರೆ ಅಚ್ಚೋ, ಎಳ್ಳುಂಡೆಯೋ, ಕುಸುರೆಳ್ಳೋ?

ಡಿಸೆಂಬರ್ ಕೊನೆಯ ವಾರ ಬಂತೆಂದರೆ ನಮ್ಮ ಮನೆಯಲ್ಲಿ ಒಂದೇ ಮಾತು. "ಈ ಸಲ ಅಚ್ಚು ಹಾಕೋಣ್ವಾ, ಇಲ್ಲಾ ಎಳ್ಳು ಬೆಲ್ಲ ಸಾಕಾ?" ನಾನು ಮೈಸೂರು ಕಡೆಯವಳು. ಮದುವೆಯಾಗಿ ಸೇರಿದ್ದು ಧಾರವಾಡದವರ ಮನೆ. ಈಗ ಇರುವುದು ಬೆಂಗಳೂರಿನಲ್ಲಿ. ಹಾಗಾಗಿ ನಮ್ಮ ಒಲೆಯ ಮೇಲೆ ಎರಡೂ ಸೀಮೆಯ ಸಂಕ್ರಾಂತಿ ಸಿಹಿ ಆಗಿವೆ. ಕೆಲವು ಚೆನ್ನಾಗಿ ಬಂದಿವೆ, ಕೆಲವು ಕೆಟ್ಟಿವೆ.

ಎಲ್ಲವೂ ಅಂಗಡಿಯಲ್ಲಿ ಸಿಗುತ್ತವೆ, ನಿಜ. ಗಾಂಧಿ ಬಜಾರಿಗೋ ಮಲ್ಲೇಶ್ವರಕ್ಕೋ ಹೋದರೆ ಬೆರೆಸಿದ ಎಳ್ಳು ಬೆಲ್ಲ, ಬಣ್ಣದ ಅಚ್ಚು, ಬೇಕಾದಷ್ಟು. ಕೆಲಸದ ನಡುವೆ ಕೊಂಡು ತರುವವರನ್ನು ನಾನು ಬೇರೆಯಾಗಿ ನೋಡುವುದಿಲ್ಲ. ಆದರೆ ಮನೆಯಲ್ಲೇ ಮಾಡಬೇಕು, ಮಕ್ಕಳಿಗೂ ಅಭ್ಯಾಸವಾಗಬೇಕು, ವರ್ಷಾ ವರ್ಷಾ ನಡೆಯಬೇಕು ಅಂತ ಆಸೆಯಿದ್ದವರಿಗೆ ಮೊದಲ ಪ್ರಶ್ನೆ ಯಾವುದರಿಂದ ಶುರು ಮಾಡುವುದು ಅನ್ನುವುದೇ. ತಪ್ಪಾಗಿ ಆರಿಸಿದರೆ ಮೊದಲ ವರ್ಷವೇ ಸಾಕಾಗಿಬಿಡುತ್ತದೆ.

ರುಚಿಯನ್ನು ನಾನು ಆಮೇಲೆ ನೋಡುತ್ತೇನೆ. ನಾಲ್ಕೂ ರುಚಿಯೇ. ಮೊದಲು ನೋಡುವುದು ಮನೆಯಲ್ಲಿ ಎಷ್ಟು ಕೈಗಳಿವೆ, ಅವು ಎಷ್ಟು ವಯಸ್ಸಿನವು ಅನ್ನುವುದನ್ನು. ಒಬ್ಬರೇ ಒಲೆ ಮುಂದೆ ನಿಂತು, ಉಳಿದವರೆಲ್ಲ ಬಂದು ತಿಂದು ಹೋಗುವ ಸಿಹಿ ಮೂರನೇ ವರ್ಷಕ್ಕೆ ನಿಂತುಹೋಗುತ್ತದೆ. ಎಲ್ಲರ ಕೈಗೂ ಕೆಲಸ ಸಿಗುವ ಸಿಹಿ ನಿಲ್ಲುವುದಿಲ್ಲ. ಅಮ್ಮ ಮರೆತರೂ ಮಕ್ಕಳೇ ಕೇಳುತ್ತಾರೆ. ಇದು ನಾನು ನಮ್ಮ ಮನೆಯಲ್ಲೂ ಅಕ್ಕಪಕ್ಕದಲ್ಲೂ ಕಂಡದ್ದು.

ಎಳ್ಳು ಬೆಲ್ಲ: ಪಾಕವಿಲ್ಲ, ಕೆಲಸ ಮಾತ್ರ ಎಲ್ಲರಿಗೂ

ಹಳೇ ಮೈಸೂರು ಕಡೆ ಸಂಕ್ರಾಂತಿ ಅಂದರೆ ಎಳ್ಳು ಬೀರುವುದು. ಸಂಜೆ ಹೊಸ ಬಟ್ಟೆ ಹಾಕಿಕೊಂಡು ಹೆಣ್ಣುಮಕ್ಕಳು ತಟ್ಟೆ ಹಿಡಿದು ಮನೆಮನೆಗೆ ಹೋಗುತ್ತಾರೆ. ತಟ್ಟೆಯಲ್ಲಿ ಎಳ್ಳು ಬೆಲ್ಲದ ಪೊಟ್ಟಣ, ಒಂದು ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು, ಎಲಚಿ ಹಣ್ಣು, ಅರಿಶಿನ ಕುಂಕುಮ. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಅಂತ ಹೇಳಿ ಕೊಡುವುದು. ಹೊಸದಾಗಿ ಮದುವೆಯಾದವರು ಮೊದಲ ವರ್ಷ ಐದು ಬಾಳೆಹಣ್ಣು, ಮುಂದಿನ ವರ್ಷ ಹತ್ತು, ಹೀಗೆ ಐದು ವರ್ಷ ಏರಿಸುತ್ತಾ ಕೊಡುವ ಪದ್ಧತಿ ಹಲವು ಮನೆಗಳಲ್ಲಿದೆ.

ಮಿಶ್ರಣಕ್ಕೆ ಬೇಕಾದ್ದು ಐದೇ ವಸ್ತು. ಬಿಳಿ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ. ಮೇಲೆ ಬಣ್ಣದ ಜೀರಿಗೆ ಮಿಠಾಯಿ ಉದುರಿಸುವವರು ಉದುರಿಸುತ್ತಾರೆ, ಮಕ್ಕಳಿಗೆ ಅದು ಬೇಕೇ ಬೇಕು. ಕಪ್ಪು ಎಳ್ಳು ನಮ್ಮಲ್ಲಿ ಹಾಕುವುದಿಲ್ಲ, ಅದು ತರ್ಪಣಕ್ಕೆ ಬಳಸುವ ಎಳ್ಳು. ನಮ್ಮ ಮನೆಯ ಅಳತೆ ಹೀಗೆ: ಕಡಲೆಕಾಯಿ ಬೀಜ, ಕೊಬ್ಬರಿ, ಬೆಲ್ಲ ತಲಾ 500 ಗ್ರಾಂ, ಹುರಿಗಡಲೆ 250 ಗ್ರಾಂ, ಎಳ್ಳು 200 ಗ್ರಾಂ. ಸಿಪ್ಪೆ, ಪುಡಿ ಎಲ್ಲ ಹೋಗಿ ಸುಮಾರು ಒಂದೂಮುಕ್ಕಾಲು ಕೆಜಿ ಉಳಿಯುತ್ತದೆ. ಪೊಟ್ಟಣಕ್ಕೆ 50 ಗ್ರಾಂ ಹಾಕಿದರೆ 35 ಮನೆಗೆ ಆಯಿತು.

ಇದರ ಶ್ರಮ ಇರುವುದು ಹೆಚ್ಚುವುದರಲ್ಲಿ. ತಿಪಟೂರು ಕಡೆಯ ಒಳ್ಳೆ ಗಿಟುಕು ಕೊಬ್ಬರಿ ಸಿಕ್ಕರೆ ತನ್ನಿ. ಮೊದಲು ಹಿಂದಿನ ಕಂದು ಸಿಪ್ಪೆಯನ್ನು ಪೂರ್ತಿ ಹೆರೆಯಬೇಕು. ಆಮೇಲೆ ತೆಳ್ಳಗೆ ಸೀಳಿ, ಸೀಳನ್ನು ಸಣ್ಣ ಚೌಕಗಳಾಗಿ ಹೆಚ್ಚಬೇಕು. ನಮ್ಮ ಅಜ್ಜಿ ಈಳಿಗೆ ಮಣೆಯ ಮೇಲೆ ಕೂತು ಹೆಚ್ಚುತ್ತಿದ್ದರು. ಒಂದೊಂದು ತುಂಡೂ ಹುರಿಗಡಲೆಗಿಂತ ದೊಡ್ಡದಿರಬಾರದು ಅನ್ನುವುದು ಅವರ ಲೆಕ್ಕ. ಕೈಯಲ್ಲಿ ಹಿಡಿದ ಒಂದು ಚಿಟಿಕೆಯಲ್ಲಿ ಐದೂ ಬರಬೇಕು, ಅದಕ್ಕೆ ಹಾಗೆ.

ಬೆಲ್ಲಕ್ಕೆ ಅಚ್ಚು ಬೆಲ್ಲ ಒಳ್ಳೆಯದು, ಗಟ್ಟಿ ಇರುತ್ತದೆ. ಅಡಕತ್ತರಿಯಲ್ಲಿ ಕತ್ತರಿಸಿದರೆ ಅಂಚು ಚೊಕ್ಕವಾಗಿ ಬರುತ್ತದೆ, ಚಾಕು ಹಾಕಿದರೆ ಪುಡಿ ಜಾಸ್ತಿ. ಕೊಬ್ಬರಿಯನ್ನೂ ಬೆಲ್ಲವನ್ನೂ ಬೇರೆ ಬೇರೆ ಬಟ್ಟೆಯ ಮೇಲೆ ಹರಡಿ ಎರಡು ಮೂರು ದಿನ ಬಿಸಿಲಿಗೆ ಇಡಬೇಕು. ಇದನ್ನು ಬಿಟ್ಟರೆ ಕೆಲಸ ಕೆಟ್ಟಂತೆ. ಬೆಲ್ಲ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಒಣಗಿಸದೆ ಬೆರೆಸಿದರೆ ಎರಡೇ ದಿನದಲ್ಲಿ ಎಲ್ಲವೂ ಅಂಟಿಕೊಂಡು ಮುದ್ದೆಯಾಗುತ್ತದೆ. ಕೊಬ್ಬರಿಯಲ್ಲಿ ತೇವ ಉಳಿದರೆ ಮುಗ್ಗಲು ವಾಸನೆ ಬರುತ್ತದೆ. ಒಂದು ವರ್ಷ ಮೋಡ ಮುಸುಕಿತ್ತು, ಆದರೂ ಅವಸರದಲ್ಲಿ ಬೆರೆಸಿ ಡಬ್ಬಿಗೆ ಹಾಕಿದೆ. ಹಬ್ಬದ ದಿನ ಚಮಚದಲ್ಲಿ ಕೆದಕಿ ತೆಗೆಯಬೇಕಾಯಿತು. ಅಂದಿನಿಂದ ಬಿಸಿಲು ಇಲ್ಲದಿದ್ದರೆ ಓವನ್ನಿನ ಅತಿ ಕಡಿಮೆ ಶಾಖದಲ್ಲಿ ಕೊಬ್ಬರಿಯನ್ನು ಒಣಗಿಸುತ್ತೇನೆ. ಬೆಲ್ಲವನ್ನು ಮಾತ್ರ ಓವನ್ನಿಗೆ ಹಾಕಬೇಡಿ, ಕರಗುತ್ತದೆ. ಫ್ಯಾನಿನ ಕೆಳಗೆ ಇಡಿ, ಬೀರುವ ಹಿಂದಿನ ದಿನ ಬೆರೆಸಿ.

ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಅಂಗೈಯಲ್ಲಿ ಉಜ್ಜಿ ಸಿಪ್ಪೆ ಬಿಡಿಸಿ, ಮೊರದಲ್ಲಿ ಕೇರಿದರೆ ಸಿಪ್ಪೆ ಹಾರುತ್ತದೆ. ಬೇಳೆ ಎರಡಾಗಿ ಬಿಡಿಸುವುದು ಮಕ್ಕಳ ಕೆಲಸ. ಐದು ವರ್ಷದ ಮಗು ಕೂಡ ಮಾಡುತ್ತದೆ. ಅರ್ಧ ಬಾಯಿಗೆ ಹೋಗುತ್ತದೆ, ಹೋಗಲಿ. ಕೊಬ್ಬರಿ ಹೆಚ್ಚುವುದು ದೊಡ್ಡವರಿಗೆ, ಬೆಲ್ಲ ಕತ್ತರಿಸುವುದು ಕೈಯಲ್ಲಿ ಬಲ ಇರುವವರಿಗೆ, ಮಂಡಿ ನೋವಿನ ಅಜ್ಜಿಗೆ ಕುರ್ಚಿಯಲ್ಲಿ ಕೂತು ಎಳ್ಳಿನಲ್ಲಿ ಕಲ್ಲು ಆರಿಸುವ ಕೆಲಸ. ನಾಲ್ಕರಲ್ಲಿ ಎಲ್ಲ ವಯಸ್ಸಿನವರಿಗೂ ಕೆಲಸ ಕೊಡುವುದು ಇದೊಂದೇ. ಕೆಟ್ಟುಹೋಗುವ ಭಯವೂ ಕಡಿಮೆ. ಮೊದಲ ವರ್ಷ ಶುರು ಮಾಡುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ.

ಸಕ್ಕರೆ ಅಚ್ಚು: ಚೆಂದ ಜಾಸ್ತಿ, ಎಚ್ಚರವೂ ಜಾಸ್ತಿ

ನೋಡಲು ಇದಕ್ಕಿಂತ ಚೆಂದದ್ದು ಇಲ್ಲ. ಆನೆ, ಗಿಳಿ, ನವಿಲು, ಬಸವ, ತುಳಸಿ ಕಟ್ಟೆ, ಗೋಪುರ, ಹೂವಿನ ಬುಟ್ಟಿ. ಹಾಲಿನಂತೆ ಬಿಳುಪು. ಬೇಕಾದದ್ದು ಸಕ್ಕರೆ, ನೀರು, ಸ್ವಲ್ಪ ಹಾಲು. ಇಷ್ಟೇ. ಆದರೂ ನಾಲ್ಕರಲ್ಲಿ ಕೈ ಕೊಡುವುದು ಜಾಸ್ತಿ ಇದೇ. ಅದಕ್ಕೇ ಇದರ ಬಗ್ಗೆ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಮರದ ಅಚ್ಚು ಇದ್ದರೆ ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಬೇಕು. ಮರ ನೀರು ಕುಡಿದಿದ್ದರೆ ಪಾಕ ಅಂಟುವುದಿಲ್ಲ. ಬೆಳಿಗ್ಗೆ ಒರೆಸಿ, ಎರಡು ಭಾಗಗಳನ್ನು ಜೋಡಿಸಿ, ದಾರ ಅಥವಾ ರಬ್ಬರ್ ಬ್ಯಾಂಡ್ ಬಿಗಿಯಾಗಿ ಸುತ್ತಿ, ಬಾಯಿ ಮೇಲಾಗಿ ಸಾಲಾಗಿ ನಿಲ್ಲಿಸಬೇಕು. ಪಾಕ ಒಲೆಯ ಮೇಲಿದ್ದಾಗ ಅಚ್ಚು ಹುಡುಕುತ್ತಾ ಕೂತರೆ ಆಗದು.

ಒಂದು ಕೆಜಿ ಸಕ್ಕರೆಗೆ ನಾವು ಅರ್ಧ ಲೀಟರ್ ನೀರು ಹಾಕುತ್ತೇವೆ. ಕರಗಿ ಕುದಿ ಬಂದಾಗ ಎರಡು ಮೂರು ಚಮಚ ಹಾಲು ಹಾಕಿದರೆ ಸಕ್ಕರೆಯ ಕೊಳೆಯೆಲ್ಲ ಬೂದು ನೊರೆಯಾಗಿ ಮೇಲೆ ಬರುತ್ತದೆ. ತೆಗೆದು, ತೆಳು ಬಟ್ಟೆಯಲ್ಲಿ ಸೋಸಿ. ಈಗ ಕೈಯಲ್ಲಿರುವುದು ತಿಳಿಯಾದ ಸಕ್ಕರೆ ನೀರು.

ಇಲ್ಲೇ ಹೊಸಬರು ತಪ್ಪು ಮಾಡುವುದು. ಎಲ್ಲವನ್ನೂ ಒಂದೇ ಸಲ ಕಾಯಿಸಬಾರದು. ಒಂದು ಲೋಟದಷ್ಟು ಮಾತ್ರ ಸಣ್ಣ ಬಾಣಲೆಗೆ ಹಾಕಿ. ಕುದಿಯುತ್ತಾ ಗುಳ್ಳೆ ದಪ್ಪಗಾಗುತ್ತದೆ, ಸದ್ದು ಬದಲಾಗುತ್ತದೆ. ಬೆರಳ ನಡುವೆ ಹಿಡಿದರೆ ಎಳೆ ಬರುತ್ತದೆ. ಆಗ ಮರದ ಸೌಟಿನಿಂದ ಬಾಣಲೆಯ ಅಂಚಿಗೆ ತಿಕ್ಕಿ ತಿಕ್ಕಿ ಕಲೆಸಬೇಕು. ಮೊದಲು ಏನೂ ಆಗುತ್ತಿಲ್ಲ ಅನಿಸುತ್ತದೆ. ಆಮೇಲೆ ಸೌಟು ತಿಕ್ಕಿದ ಕಡೆ ಒಂದು ಬಿಳಿ ಗೆರೆ ಮೂಡುತ್ತದೆ. ನೋಡುತ್ತಿದ್ದಂತೆ ಆ ಗೆರೆ ಅಗಲವಾಗಿ, ಗಾಜಿನಂತಿದ್ದ ಪಾಕವೆಲ್ಲ ಮಂಜು ಕವಿದಂತೆ ಮಬ್ಬಾಗಿ, ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಆ ಕ್ಷಣ ಸುರಿಯಬೇಕು. ಬೇಗ ಸುರಿದರೆ ಅಚ್ಚಿನೊಳಗೆ ಗಟ್ಟಿಯಾಗದೆ ಅಂಟು ಅಂಟಾಗುತ್ತದೆ. ತಡವಾದರೆ ಬಾಣಲೆಯಲ್ಲೇ ಕಲ್ಲಾಗುತ್ತದೆ.

ಇದರ ಹಿಂದಿನ ಕಾರಣ ಗೊತ್ತಿದ್ದರೆ ಕೈ ಬೇಗ ಕೂರುತ್ತದೆ. ಕುದಿಸಿ ನೀರು ಹೋಗಿಸಿದಾಗ, ಅಷ್ಟು ನೀರು ತಣ್ಣಗಿದ್ದರೆ ಹಿಡಿದುಕೊಳ್ಳಲಾರದಷ್ಟು ಸಕ್ಕರೆ ಅದರಲ್ಲಿ ಉಳಿದಿರುತ್ತದೆ. ಅದು ಹರಳಾಗಲು ಕಾಯುತ್ತಿರುತ್ತದೆ. ಜೋರಾಗಿ ತಿಕ್ಕಿದರೆ ಒಂದೇ ಸಲ ಲೆಕ್ಕವಿಲ್ಲದಷ್ಟು ಪುಟ್ಟ ಹರಳುಗಳು ಹುಟ್ಟುತ್ತವೆ, ಅವೇ ಆ ಬಿಳುಪು, ಆ ನುಣುಪು. ಅಲುಗಾಡಿಸದೆ ದಿನಗಟ್ಟಲೆ ಬಿಟ್ಟರೆ ಕೆಲವೇ ದೊಡ್ಡ ಹರಳುಗಳು ಬೆಳೆಯುತ್ತವೆ, ಅದೇ ಕಲ್ಲುಸಕ್ಕರೆ. ಕೊಳೆ ತೆಗೆಯಲು ಹಾಲಿನ ಬದಲು ನಿಂಬೆರಸ ಹಾಕುವವರಿದ್ದಾರೆ. ಒಂದೆರಡು ಹನಿ ಪರವಾಗಿಲ್ಲ, ಜಾಸ್ತಿ ಬಿದ್ದರೆ ಹುಳಿಯು ಸಕ್ಕರೆಯನ್ನು ಹರಳುಗಟ್ಟಲು ಬಿಡುವುದಿಲ್ಲ. ಎಷ್ಟು ತಿಕ್ಕಿದರೂ ಬಿಳಿ ಬರುವುದಿಲ್ಲ.

ಮೊದಲ ಸಲ ನಾನೂ ತಂಗಿಯೂ ಸೇರಿ ಮಾಡಿದಾಗ ಪೂರ್ತಿ ಒಂದು ಕೆಜಿಯನ್ನು ಒಟ್ಟಿಗೆ ಕಾಯಿಸಿದೆವು. ನಾಲ್ಕು ಅಚ್ಚು ತುಂಬುವಷ್ಟರಲ್ಲಿ ಉಳಿದದ್ದೆಲ್ಲ ಪಾತ್ರೆಯಲ್ಲಿ ಗಟ್ಟಿ. ತಂಗಿಗೆ ಅಳು ಬಂದಿತ್ತು. ದೊಡ್ಡಮ್ಮ ಬಂದು, "ಅದಕ್ಯಾಕೆ ಅಳ್ತೀಯ, ನೀರು ಹಾಕು, ಕರಗುತ್ತೆ" ಅಂದರು. ಹೌದು, ಇದರ ದೊಡ್ಡ ಸಮಾಧಾನ ಇದು. ಕೆಟ್ಟ ಪಾಕ, ಒಡೆದ ಅಚ್ಚು, ಕೆರೆದು ತೆಗೆದ ಪುಡಿ, ಯಾವುದೂ ಎಸೆಯುವಂತಿಲ್ಲ. ನೀರು ಹಾಕಿ ಮತ್ತೆ ಕಾಯಿಸಿ ಮತ್ತೆ ಹಾಕಬಹುದು.

ಸುರಿದ ಹತ್ತು ನಿಮಿಷಕ್ಕೆ ಅಚ್ಚು ಬಿಚ್ಚಬಹುದು. ಬಾಯಿಯ ಕಡೆಯ ಹೆಚ್ಚಿನ ಸಕ್ಕರೆಯನ್ನು ಚಾಕುವಿನಿಂದ ಮೆಲ್ಲಗೆ ಕೆರೆದು ಒಂದು ದಿನ ಗಾಳಿಗೆ ಬಿಡಿ. ನಮ್ಮ ಅಚ್ಚು ಒಂದೊಂದು ಸುಮಾರು 25 ಗ್ರಾಂ ತೂಗುತ್ತದೆ, ಕೆಜಿಗೆ 35ರ ಹತ್ತಿರ ಬರುತ್ತವೆ. ತೇವ ತಾಕದಿದ್ದರೆ ತಿಂಗಳುಗಟ್ಟಲೆ ಇರುತ್ತವೆ. ಹಾಗಾಗಿ ಹಬ್ಬಕ್ಕೆ ಎರಡು ವಾರ ಮೊದಲೇ ಮುಗಿಸಿಕೊಳ್ಳಬಹುದು, ಇದು ಕೆಲಸಕ್ಕೆ ಹೋಗುವವರಿಗೆ ದೊಡ್ಡ ಅನುಕೂಲ.

ಮರದ ಅಚ್ಚು, ಸಿಲಿಕೋನ್ ಅಚ್ಚು, ಯಾವುದು ಒಳ್ಳೆಯದು ಅಂತ ತುಂಬಾ ಜನ ಕೇಳುತ್ತಾರೆ. ಸಿಲಿಕೋನಿನಲ್ಲಿ ಬಿಡಿಸುವುದು ಸುಲಭ, ನೆನೆಹಾಕುವ ಕೆಲಸವಿಲ್ಲ, ಒಡೆಯುವುದೂ ಕಡಿಮೆ. ಆದರೆ ಅವು ಹೆಚ್ಚಾಗಿ ಒಂದೇ ಬದಿಯವು, ಬೆನ್ನು ಚಪ್ಪಟೆ. ನಿಲ್ಲುವ ಆನೆ ಬೇಕೆಂದರೆ ಮರದ್ದೇ ಬೇಕು. ನಾನು ಮರವನ್ನೇ ಆರಿಸುತ್ತೇನೆ. ನಮ್ಮ ಅಜ್ಜಿಯ ಕಾಲದ ಗಿಳಿಯ ಅಚ್ಚಿನಲ್ಲಿ ಕೊಕ್ಕಿನ ತುದಿ ಸವೆದಿದೆ, ಹಾಗಾಗಿ ನಮ್ಮ ಮನೆಯ ಗಿಳಿಗಳಿಗೆಲ್ಲ ಕೊಕ್ಕು ಮೊಂಡು. ಅದನ್ನು ನೋಡಿದರೆ ಯಾರ ಮನೆಯ ಅಚ್ಚು ಅಂತ ನಮ್ಮ ಬೀದಿಯವರಿಗೆ ಗೊತ್ತಾಗುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸಕ್ಕರೆ ಪಾಕ ಕುದಿಯುವ ನೀರಿಗಿಂತ ಬಿಸಿ. ನೀರು 100 ಡಿಗ್ರಿಗೆ ಕುದಿಯುತ್ತದೆ, ಉಂಡೆಗಟ್ಟುವ ಹದದ ಪಾಕ 112ರಿಂದ 116 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಮೇಲಾಗಿ ಅದು ಚರ್ಮಕ್ಕೆ ಅಂಟಿಕೊಂಡು ಬಿಡುತ್ತದೆ, ನೀರಿನಂತೆ ಹರಿದು ಹೋಗುವುದಿಲ್ಲ. ಸಣ್ಣ ಮಕ್ಕಳನ್ನು ಒಲೆಯ ಹತ್ತಿರ, ಸುರಿಯುವ ಜಾಗದ ಹತ್ತಿರ ಬಿಡಲೇಬೇಡಿ. ಅವರ ಕೆಲಸ ಅಚ್ಚು ಜೋಡಿಸುವುದು, ಆರಿದ ಮೇಲೆ ಬಿಚ್ಚುವುದು. ಬಿಚ್ಚುವಾಗಲೇ ಅಲ್ವಾ ಖುಷಿ ಇರುವುದು. ತಾಗಿಬಿಟ್ಟರೆ ತಕ್ಷಣ ತಣ್ಣೀರಿನ ನಲ್ಲಿಯ ಕೆಳಗೆ ಹಿಡಿಯಿರಿ, ಕನಿಷ್ಠ 20 ನಿಮಿಷ. ಮಂಜುಗಡ್ಡೆ, ಟೂತ್‌ಪೇಸ್ಟ್ ಹಚ್ಚಬೇಡಿ. ದೊಡ್ಡ ಗಾಯವಾದರೆ ಡಾಕ್ಟರ ಹತ್ತಿರ ಹೋಗಿ.

ಹತ್ತು ವರ್ಷ ದಾಟಿದ ಮಕ್ಕಳಿದ್ದು, ಒಲೆ ಮುಂದೆ ನಿಲ್ಲಲು ಒಬ್ಬರು, ಸುರಿಯಲು ಒಬ್ಬರು, ಬಿಚ್ಚಲು ಒಬ್ಬರು, ಹೀಗೆ ಮೂರು ಜನವಾದರೂ ಇದ್ದರೆ ಅಚ್ಚು ಹಾಕಿ. ಒಬ್ಬರೇ ಇದ್ದರೆ ಈ ವರ್ಷ ಬೇಡ.

ಎಳ್ಳುಂಡೆ, ಚಿಕ್ಕಿ, ಶೇಂಗಾ ಉಂಡಿ

ಇವು ಅರ್ಧ ದಿನದ ಕೆಲಸ. ಬಿಸಿಲು ಬೇಡ, ಅಚ್ಚು ಬೇಡ. ಹಬ್ಬಕ್ಕೆ ಎರಡೇ ದಿನ ಉಳಿದಿದೆ, ಏನೂ ಆಗಿಲ್ಲ ಅನ್ನುವವರು ಇಲ್ಲಿಗೆ ಬನ್ನಿ.

ಎಳ್ಳುಂಡೆಗೆ ಒಂದು ಲೋಟ ಎಳ್ಳಿಗೆ ಮುಕ್ಕಾಲು ಲೋಟ ಪುಡಿ ಬೆಲ್ಲ. ಎಳ್ಳನ್ನು ಚಟಪಟ ಅನ್ನುವವರೆಗೆ ಹುರಿದು ತಕ್ಷಣ ಬೇರೆ ತಟ್ಟೆಗೆ ಸುರಿಯಿರಿ, ಬಾಣಲೆಯಲ್ಲೇ ಬಿಟ್ಟರೆ ಕಹಿಯಾಗುತ್ತದೆ. ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಸೋಸಿ ಕಾಯಿಸಿ. ಬಟ್ಟಲಿನ ತಣ್ಣೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಕೂಡಿಸಿದರೆ ಮೆತ್ತನೆ ಉಂಡೆಯಾಯಿತೋ, ಅದು ಉಂಡೆ ಪಾಕ. ಚಿಕ್ಕಿಗಾದರೆ ಇನ್ನೂ ಕಾಯಿಸಬೇಕು. ನೀರಿನಲ್ಲಿ ಗಟ್ಟಿಯಾದ ತುಂಡನ್ನು ಸ್ಟೀಲ್ ತಟ್ಟೆಗೆ ಹಾಕಿದರೆ ಟಣ್ ಅಂತ ಸದ್ದು ಬರಬೇಕು. ಹಲ್ಲಿಗೆ ಅಂಟುವ ಚಿಕ್ಕಿ ಆಗುವುದು ಈ ಸದ್ದಿಗೆ ಕಾಯದೆ ಇಳಿಸಿದಾಗಲೇ.

ಉಂಡೆಯ ತೊಂದರೆ ಕಟ್ಟುವುದು. ಬಿಸಿ ಇರುವಾಗಲೇ ಕಟ್ಟಬೇಕು, ಆರಿದರೆ ಕೂಡುವುದಿಲ್ಲ. ಅಂಗೈಗೆ ನೀರು ಮುಟ್ಟಿಸಿಕೊಂಡು ನಾಲ್ಕು ಜನ ಸುತ್ತ ಕೂತು ಕಟ್ಟಿದರೆ ಐದು ನಿಮಿಷದಲ್ಲಿ ಮುಗಿಯುತ್ತದೆ. ಒಬ್ಬರೇ ಆದರೆ ಅರ್ಧ ಉಂಡೆ, ಅರ್ಧ ಪುಡಿ. ಮತ್ತೆ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದರೆ ಕೂಡುತ್ತದೆ, ಗಾಬರಿ ಬೇಡ.

ಮಕ್ಕಳ ಕೈಗೆ ಪೂರ್ತಿ ಬಿಟ್ಟುಕೊಡಬಹುದಾದದ್ದು ಶೇಂಗಾ ಉಂಡಿ. ಪಾಕವೇ ಇಲ್ಲ. ಹುರಿದು ಸಿಪ್ಪೆ ತೆಗೆದ ಶೇಂಗಾ, ಪುಡಿ ಬೆಲ್ಲ, ಒಂದು ಏಲಕ್ಕಿ, ಒರಳಲ್ಲೋ ಮಿಕ್ಸಿಯಲ್ಲೋ ಕುಟ್ಟಿದರೆ ಶೇಂಗಾದ ಎಣ್ಣೆಯೇ ಹಿಡಿದುಕೊಳ್ಳುತ್ತದೆ. ಉತ್ತರ ಕರ್ನಾಟಕದಲ್ಲಿ ಉಂಡಿಗಳ ದೊಡ್ಡ ಹಬ್ಬ ನಾಗರ ಪಂಚಮಿ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಅಳ್ಳಿಟ್ಟಿನ ಉಂಡಿ ಅಂತ ಡಬ್ಬಿ ಡಬ್ಬಿ ಕಟ್ಟುತ್ತಾರೆ. ಹಾಗಾಗಿ ಆ ಕಡೆಯ ಮನೆಯವರಾದರೆ ಉಂಡಿಯನ್ನು ಪಂಚಮಿಗೆ ಇಟ್ಟುಕೊಂಡು, ಸಂಕ್ರಾಂತಿಗೆ ಬೇರೆ ಆರಿಸಿದರೆ ವರ್ಷಕ್ಕೆ ಎರಡು ಸಲ ಮನೆಮಂದಿ ಒಟ್ಟಿಗೆ ಕೂತಂತಾಗುತ್ತದೆ.

ಕುಸುರೆಳ್ಳು: ಕಲಿಸುವವರು ಇದ್ದರೆ ಮಾತ್ರ

ಧಾರವಾಡ, ಬೆಳಗಾವಿ, ವಿಜಯಪುರ ಕಡೆ ಸಂಕ್ರಾಂತಿ ಅಂದರೆ ಕುಸುರೆಳ್ಳು. ಎಳ್ಳಿನ ಕಾಳಿನ ಮೇಲೆ ಸಕ್ಕರೆಯ ಮುಳ್ಳು ಮುಳ್ಳು ಎದ್ದ ಪುಟ್ಟ ಗುಂಡುಗಳು. ಗಸಗಸೆ, ಪುಟಾಣಿ, ಶೇಂಗಾ, ಲವಂಗ, ಸೌತೆ ಬೀಜಕ್ಕೂ ಹೀಗೇ ಸಕ್ಕರೆ ಹಿಡಿಸುತ್ತಾರೆ. ಮರಾಠಿಗರು ಹಲ್ವಾ ಅನ್ನುವುದು ಇದಕ್ಕೇ. ಹೊಸ ಮದುಮಗಳಿಗೂ ಪುಟ್ಟ ಮಕ್ಕಳಿಗೂ ಕುಸುರೆಳ್ಳಿನ ಒಡವೆ ಮಾಡಿ ಹಾಕುವುದುಂಟು. ಸರ, ಬಳೆ, ಕಿರೀಟ, ಎಲ್ಲ.

ನನ್ನ ಅತ್ತೆ ಮಾಡುವುದನ್ನು ನಾನು ಮೊದಲು ನೋಡಿದ್ದು ಮದುವೆಯಾದ ವರ್ಷ. ಬೆಳಗಿನ ಐದು ಗಂಟೆ, ಹೊರಗೆ ಚಳಿ. ಶೆಗಡಿಯಲ್ಲಿ ಇದ್ದಿಲ ಕೆಂಡ, ಮೇಲೆ ಅಗಲವಾದ ಹಿತ್ತಾಳೆಯ ಪರಾತ. ಅದರಲ್ಲಿ ಹುರಿದ ಎಳ್ಳು, ಎರಡು ಹಿಡಿ ಅಷ್ಟೇ. ಪಕ್ಕದಲ್ಲಿ ಹಾಲು ಹಾಕಿ ಕೊಳೆ ತೆಗೆದ ತೆಳು ಪಾಕ. ಒಂದು ಚಮಚ ಪಾಕ ಹನಿಸುವುದು, ಬೆರಳುಗಳಿಂದ ಮೆಲ್ಲಗೆ ತಿರುಗಿಸುವುದು. ಒಣಗುವವರೆಗೆ ತಿರುಗಿಸುವುದು. ಮತ್ತೊಂದು ಚಮಚ. ಒಂದು ಗಂಟೆಯ ಮೇಲೂ ಎಳ್ಳು ಎಳ್ಳಿನಂತೆಯೇ ಇತ್ತು. ಸ್ವಲ್ಪ ಬಿಳಿ ಧೂಳು ಹಿಡಿದಂತೆ, ಅಷ್ಟೇ. ನಾನು ಎರಡು ಚಮಚ ಒಟ್ಟಿಗೆ ಹಾಕಲು ಹೋದೆ. "ಅವಸರ ಮಾಡಬ್ಯಾಡವಾ, ಮುಳ್ಳು ತಾವ ಏಳ್ತಾವ" ಅಂದರು.

ಮೂರನೇ ದಿನ ಬೆಳಿಗ್ಗೆ ಎದ್ದವು. ಕಾಳಿನ ಮೈಮೇಲೆ ಸೂಜಿಯ ಮೊನೆಯಷ್ಟು ಸಣ್ಣ ಚುಕ್ಕೆಗಳು, ಮೊದಲು ಕಣ್ಣಿಗಿಂತ ಬೆರಳಿಗೆ ಗೊತ್ತಾಯಿತು. ಅಂಗೈ ಅಡಿ ಉರುಳುವಾಗ ಒರಟು. ನಾಲ್ಕನೇ ದಿನಕ್ಕೆ ಎರಡು ಹಿಡಿ ಎಳ್ಳು ಒಂದು ಡಬ್ಬಿ ಕುಸುರೆಳ್ಳಾಗಿತ್ತು.

ಚಳಿಯ ಬೆಳಗಿನಲ್ಲೇ ಮಾಡುವುದಕ್ಕೆ ಕಾರಣವಿದೆ. ತಣ್ಣನೆಯ ಒಣ ಗಾಳಿಯಲ್ಲಿ ಪಾಕ ಹನಿಸಿದ ಕಡೆಯೇ ಬೇಗ ಒಣಗಿ ಮುಳ್ಳು ನಿಲ್ಲುತ್ತದೆ. ಬಿಸಿ ಜಾಸ್ತಿಯಾದರೆ ಸಕ್ಕರೆ ಕರಗಿ ಮೈ ನುಣ್ಣಗಾಗುತ್ತದೆ. ಪಾಕ ಜಾಸ್ತಿ ಬಿದ್ದರೆ ಕಾಳಿಗೆ ಕಾಳು ಅಂಟುತ್ತದೆ. ಗ್ಯಾಸಿನ ಮೇಲೆ ಮಾಡುವುದಾದರೆ ಪರಾತದ ಕೆಳಗೆ ದಪ್ಪ ಕಾವಲಿ ಇಟ್ಟು, ಅತಿ ಸಣ್ಣ ಉರಿಯಲ್ಲಿ ಮಾಡಿ.

ಇದು ನಾಲ್ಕರಲ್ಲಿ ಅತಿ ಕಷ್ಟದ್ದು. ಒಂದು ಹೊತ್ತಿಗೆ ಇಬ್ಬರ ಕೈಗೆ ಮಾತ್ರ ಕೆಲಸ, ಉಳಿದವರು ನೋಡುತ್ತಾ ಕೂರಬೇಕು. ಮಕ್ಕಳಿಗೆ ಬೇಸರ ಬರುತ್ತದೆ. ನನ್ನ ಲೆಕ್ಕದಂತೆ ಇದು ಪಟ್ಟಿಯಲ್ಲಿ ಕೊನೆಗೆ ಬರಬೇಕು. ಆದರೂ ಒಂದು ಸಂದರ್ಭದಲ್ಲಿ ಮೊದಲಿಗೆ ತರುತ್ತೇನೆ. ಮನೆಯಲ್ಲಿ ಕುಸುರೆಳ್ಳು ಮಾಡಿ ಗೊತ್ತಿರುವ ಹಿರಿಯರು ಇದ್ದರೆ ಎಲ್ಲ ಬಿಟ್ಟು ಈ ವರ್ಷ ಇದನ್ನೇ ಮಾಡಿ. ಎಳ್ಳು ಬೆಲ್ಲವನ್ನು ಯಾವ ವರ್ಷ ಬೇಕಾದರೂ ಓದಿ ಕಲಿಯಬಹುದು. ಪರಾತ ಎಷ್ಟು ಬೆಚ್ಚಗಿರಬೇಕು ಅನ್ನುವುದು ಪಕ್ಕದಲ್ಲಿ ಕೂತು, ಅವರ ಕೈಯ ಪಕ್ಕ ಕೈ ಇಟ್ಟರೆ ಮಾತ್ರ ಬರುತ್ತದೆ. ನಮ್ಮ ಅತ್ತೆಗೆ ಈಗ ಬೆರಳು ನೋವು. ಹೋದ ವರ್ಷ ಅವರು ಪಕ್ಕದಲ್ಲಿ ಕೂತು ಹೇಳಿದರು, ನನ್ನ ಮಗಳು ತಿರುಗಿಸಿದಳು. ಮುಳ್ಳು ಅರ್ಧಕ್ಕರ್ಧ ಎದ್ದವು. "ಎಳ್ಳು ಬೆಲ್ಲ ತಗೊಂಡು ನಾವು ನೀವು ಎಳ್ಳು ಬೆಲ್ಲದಂಗ ಇರೂಣು" ಅಂತ ಅವರು ಓಣಿಯವರಿಗೆಲ್ಲ ಅದನ್ನೇ ಕೊಟ್ಟರು.

ಯಾವ ಮನೆಗೆ ಯಾವುದು

ಸಣ್ಣ ಮಕ್ಕಳು, ಅಜ್ಜ ಅಜ್ಜಿ, ಎಲ್ಲರೂ ಇರುವ ಮನೆಗೆ ಎಳ್ಳು ಬೆಲ್ಲ. ಒಂದು ವಾರ ಮೊದಲು ಶುರು ಮಾಡಿ. ದಿನಕ್ಕೊಂದು ವಸ್ತು ಮುಗಿಸಿದರೆ ಆಯಾಸವಿಲ್ಲ. ದೊಡ್ಡ ಮಕ್ಕಳಿರುವ ಮನೆಗೆ ಎಳ್ಳು ಬೆಲ್ಲದ ಜೊತೆ ಅಚ್ಚು ಸೇರಿಸಬಹುದು, ಆದರೆ ಎರಡನ್ನೂ ಒಂದೇ ವರ್ಷ ಹೊಸದಾಗಿ ಶುರು ಮಾಡಬೇಡಿ. ಇಬ್ಬರೇ ಇರುವ ಮನೆ, ಇಬ್ಬರೂ ಕೆಲಸಕ್ಕೆ ಹೋಗುವವರು ಅಂದರೆ ಒಂದು ಭಾನುವಾರದ ಎಳ್ಳುಂಡೆ ಸಾಕು.

ಅಪಾರ್ಟ್‌ಮೆಂಟಿನವರು ಬಿಸಿಲಿಲ್ಲ ಅನ್ನುತ್ತಾರೆ. ಮೂರ್ನಾಲ್ಕು ಮನೆಯವರು ಸೇರಿ ಹಂಚಿಕೊಳ್ಳಬಹುದು. ನಮ್ಮ ಕಟ್ಟಡದಲ್ಲಿ ಒಬ್ಬರು ಕೊಬ್ಬರಿ, ಒಬ್ಬರು ಬೆಲ್ಲ, ಒಬ್ಬರು ಕಡಲೆಕಾಯಿ ಬೀಜ ಅಂತ ವಹಿಸಿಕೊಂಡು, ಒಂದು ಸಂಜೆ ದೊಡ್ಡ ಬಟ್ಟೆ ಹಾಸಿ ಬೆರೆಸುತ್ತೇವೆ. ಮಾಳಿಗೆಯ ಬಿಸಿಲನ್ನೂ ಹಂಚಿಕೊಂಡಿದ್ದೇವೆ.

ಕರಾವಳಿ, ಮುಂಬೈ, ಸಿಂಗಾಪುರದಂತಹ ತೇವದ ಊರಿನಲ್ಲಿ ಇರುವವರು ಅಚ್ಚನ್ನು ಬಿಚ್ಚಿ ಒಂದು ದಿನ ಒಣಗಿದ ತಕ್ಷಣ ಗಾಳಿಯಾಡದ ಡಬ್ಬಿಗೆ ಹಾಕಿ. ಇಲ್ಲದಿದ್ದರೆ ಮೈ ಜಿಗುಟಾಗುತ್ತದೆ. ಕುಸುರೆಳ್ಳನ್ನು ಅಲ್ಲಿ ಪ್ರಯತ್ನಿಸುವುದು ಕಷ್ಟವೇ.

ಅಮೆರಿಕದಲ್ಲಿರುವವರಿಗೆ ಒಂದು ಮುಖ್ಯ ಮಾತು. ಅಲ್ಲಿ ಕಡಲೆಕಾಯಿ ಬೀಜ ಮೊದಲಿನಿಂದಲೂ ದೊಡ್ಡ ಅಲರ್ಜಿಗಳ ಪಟ್ಟಿಯಲ್ಲಿದೆ, 2023ರ ಜನವರಿ 1ರಿಂದ ಎಳ್ಳೂ ಒಂಬತ್ತನೆಯದಾಗಿ ಸೇರಿದೆ. ನೆರೆಮನೆಗೆ, ಮಕ್ಕಳ ಶಾಲೆಗೆ ಕೊಡುವ ಮೊದಲು ಕೇಳಿಯೇ ಕೊಡಿ. ಅಂಥವರಿಗೆ ಸಕ್ಕರೆ ಅಚ್ಚು ಒಳ್ಳೆಯದು, ಆದರೆ ಎಳ್ಳು, ಬೀಜ ಹುರಿದ ಬಾಣಲೆಯಲ್ಲಿ ಅದನ್ನು ಮಾಡಬೇಡಿ. ಹಾಲಿನ ಅಲರ್ಜಿಯವರಿದ್ದರೆ ಹಾಲಿಲ್ಲದೆ, ಸುಮ್ನೆ ಸೋಸಿ ಮಾಡಿ, ಬಿಳುಪು ಸ್ವಲ್ಪ ಕಡಿಮೆ ಅಷ್ಟೇ. ಐದು ವರ್ಷದ ಒಳಗಿನ ಮಕ್ಕಳಿಗೆ ಯಾವ ಊರಿನಲ್ಲೇ ಇರಲಿ ಇಡೀ ಕಡಲೆಕಾಯಿ ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಕೊಡಿ.

ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಬೆಲ್ಲ ಪರವಾಗಿಲ್ಲ ಅನ್ನುವವರಿದ್ದಾರೆ. ಬೆಲ್ಲವೂ ಸಕ್ಕರೆಯನ್ನು ಏರಿಸುತ್ತದೆ. ನಾವು ಮಾವನವರಿಗೆ ಬೆಲ್ಲ ಹಾಕುವ ಮೊದಲೇ ಒಂದು ಚಿಕ್ಕ ಡಬ್ಬಿ ಎಳ್ಳು, ಕೊಬ್ಬರಿ, ಬೀಜ ತೆಗೆದಿಡುತ್ತೇವೆ. ಬೆಲ್ಲದ ಒಂದೇ ಒಂದು ತುಂಡನ್ನು ಮೇಲೆ ಇಟ್ಟು ಕೊಡುತ್ತೇವೆ.

ಹಬ್ಬ ಮುಗಿದ ಮೇಲೆ ಮರದ ಅಚ್ಚುಗಳನ್ನು ಬಿಸಿ ನೀರಿನಲ್ಲಿ ನೆನೆಸಿ, ಗೆರೆಗಳಲ್ಲಿ ಸೇರಿದ ಸಕ್ಕರೆಯನ್ನು ಹಳೆಯ ಬ್ರಷ್ಷಿನಿಂದ ತೆಗೆಯಿರಿ. ಸೋಪು ಬೇಡ, ವಾಸನೆ ಉಳಿಯುತ್ತದೆ. ನೆರಳಿನಲ್ಲೇ ಒಣಗಿಸಿ, ಬಿಸಿಲಿಗಿಟ್ಟರೆ ಮರ ಸೀಳು ಬಿಡುತ್ತದೆ. ಜೋಡಿ ತಪ್ಪದಂತೆ ದಾರ ಕಟ್ಟಿ ಬಟ್ಟೆಯಲ್ಲಿ ಸುತ್ತಿಡಿ. ಸಕ್ಕರೆ ಉಳಿದಿದ್ದರೆ ಇರುವೆ ಬರುತ್ತದೆ, ಹಾಗಾಗಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಬೇಕು. ನಮ್ಮ ಮನೆಯಲ್ಲಿ ಆ ಕೆಲಸ ಮಗನದು. ಬಿಚ್ಚುವಾಗ ಸೊಂಡಿಲು ಮುರಿದ ಆನೆಗಳೂ ಅವನ ಪಾಲೇ. ರಾತ್ರಿಯ ಹಾಲಿಗೆ ಒಂದೊಂದನ್ನು ಹಾಕಿಕೊಂಡು, ಕಾಲು ಕರಗಿ ಮಗುಚುವವರೆಗೆ ಲೋಟದೊಳಗೆ ನೋಡುತ್ತಾ ಕೂತಿರುತ್ತಾನೆ.